ಅಚ್ಚು, ಅಕ್ಷರ, ಜಾಹೀರಾತು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೆಸರಾಂತ ಅಕ್ಷರ ವಿನ್ಯಾಸಕಾರರ, ಜಾಹೀರಾತಿನವರ ಬಗ್ಗೆ ಈ ಸಲ ಬಹಳ ಪತ್ರಗಳು ಬಂದಿವೆ. ಅವರ ಪ್ರಶಸ್ತಿಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅವರು ಎದುರಿಸಿದ ತೊಡಕು ಏನಿತ್ತು, ಅದನ್ನು ಬಿಡಿಸಿದ್ದು ಹೇಗೆ, ಅದು ನಿಮ್ಮ ಕನ್ನಡದ ಕೆಲಸಕ್ಕೆ ಹೇಗೆ ಒದಗುತ್ತದೆ ಎನ್ನುವುದನ್ನು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸಂಘದ 900 ಸದಸ್ಯರ ಹೆಸರು, ವಿಳಾಸ, ಫೋನ್ ನಂಬರಿನ ಪುಸ್ತಕ ಅಚ್ಚು ಹಾಕಿಸುತ್ತಿದ್ದೇವೆ. ಖರ್ಚು ಉಳಿಸಲು ನ್ಯೂಸ್‌ಪ್ರಿಂಟ್ ಕಾಗದ, 7 ಪಾಯಿಂಟ್ ಅಕ್ಷರ ಎಂದುಕೊಂಡಿದ್ದೇವೆ. ಇಂಗ್ಲಿಷ್ ಭಾಗಕ್ಕೆ ‘ಬೆಲ್ ಸೆಂಟೆನಿಯಲ್’ ಫಾಂಟ್ ಒಳ್ಳೆಯದು ಎಂದರು. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಅಕ್ಷರದ ಸಂದಿಗಳಲ್ಲೆಲ್ಲ ಇಲಿ ಕಡಿದ ಹಾಗೆ ಕಚ್ಚು. ಫೈಲು ಕೆಟ್ಟಿದೆಯೇ? — ಹುಬ್ಬಳ್ಳಿಯ ಓದುಗರು

ಉತ್ತರ: ಫೈಲು ಸರಿಯಾಗಿಯೇ ಇದೆ. ಆ ಕಚ್ಚುಗಳನ್ನು ಬೇಕೆಂದೇ ಇಟ್ಟದ್ದು, ಇಟ್ಟವರು ಆ ಫಾಂಟ್ ರೂಪಿಸಿದ ಮ್ಯಾಥ್ಯೂ ಕಾರ್ಟರ್.

1937ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾರ್ಟರ್, ಹರೆಯದಲ್ಲಿ ನೆದರ್‌ಲ್ಯಾಂಡ್ಸ್‌ನ ಎನ್‌ಶೆಡೆ ಮುದ್ರಣಾಲಯದಲ್ಲಿ ಉಕ್ಕಿನ ತುದಿಯಲ್ಲಿ ಅಕ್ಷರ ಕೊರೆಯುವ ಕೆಲಸ ಕಲಿತರು. ಅಚ್ಚಿನ ಮೊಳೆ ಎರಕ ಹೊಯ್ಯುವ ಮೊದಲಿನ ಹಂತ ಅದು. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ತನ್ನ ಡೈರೆಕ್ಟರಿಗೆಂದು ಕೇಳಿದ ಅಕ್ಷರವೇ ಬೆಲ್ ಸೆಂಟೆನಿಯಲ್, 1978ರಲ್ಲಿ ಬಂತು. ಅದಕ್ಕೂ ಮೊದಲು ಅಲ್ಲಿ 1938ರ ‘ಬೆಲ್ ಗಾಥಿಕ್’ ನಡೆಯುತ್ತಿತ್ತು. ಹೊಸ ವೇಗದ ಯಂತ್ರಗಳಲ್ಲಿ, ಅಗ್ಗದ ಕಾಗದದ ಮೇಲೆ, ಆ ಹಳೆಯ ಅಕ್ಷರದ ಗೆರೆಗಳು ಕಡಿದು ಹೋಗುತ್ತಿದ್ದವು.

ಡೈರೆಕ್ಟರಿಯ ಅಕ್ಷರ 6 ಪಾಯಿಂಟ್. ಒಂದು ಪಾಯಿಂಟ್ ಎಂದರೆ 0.35 ಮಿ.ಮೀ., ಅಂದರೆ ಇಡೀ ಸಾಲಿಗೆ ಸಿಗುವ ಎತ್ತರ 2.1 ಮಿ.ಮೀ. ಅದರಲ್ಲಿ ಒಂದು ಗೆರೆಯ ದಪ್ಪ ಸುಮಾರು 0.2 ಮಿ.ಮೀ. ಎಂದಿಟ್ಟುಕೊಳ್ಳಿ. ನ್ಯೂಸ್‌ಪ್ರಿಂಟ್ ಶಾಯಿ ಕುಡಿದು ಗೆರೆಯ ಎರಡೂ ಅಂಚು 0.03 ಮಿ.ಮೀ. ಹರಡಿದರೂ ಗೆರೆ 30% ಹೆಚ್ಚು ದಪ್ಪವಾಯಿತು. ಎರಡು ಗೆರೆ ಕೂಡುವ ಇಕ್ಕಟ್ಟಾದ ಮೂಲೆಯಲ್ಲಿ ಶಾಯಿ ಎರಡೂ ಕಡೆಯಿಂದ ಬಂದು ನಿಲ್ಲುತ್ತದೆ, ಮೂಲೆ ಮುಚ್ಚಿ ಗಂಟು ಕಟ್ಟುತ್ತದೆ. ಆ ಗಂಟಿಗೆ ಬೇಕಾದ ಜಾಗವನ್ನು ಕಾರ್ಟರ್ ಮೊದಲೇ ಕತ್ತರಿಸಿ ಬಿಟ್ಟರು. ಶಾಯಿ ಹರಿದು ಬಂದು ಕಚ್ಚನ್ನು ತುಂಬಿದ ಮೇಲೆ ಅಕ್ಷರ ಸರಿಯಾದ ಆಕಾರಕ್ಕೆ ಬರುತ್ತದೆ. ಹಾಗಾಗಿ ಈ ಫಾಂಟನ್ನು ನುಣುಪು ಕಾಗದದ ಮೇಲೆ 30 ಪಾಯಿಂಟಿನಲ್ಲಿ ಬಳಸಿದರೆ ಕಚ್ಚು ಹಾಗೇ ಉಳಿಯುತ್ತದೆ. ನಿಮ್ಮ ನ್ಯೂಸ್‌ಪ್ರಿಂಟ್ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ್ದು.

ಆದರೆ ಕನ್ನಡ ಭಾಗಕ್ಕೆ 7 ಪಾಯಿಂಟ್ ಬೇಡ. ನಮ್ಮ ಲಿಪಿಯಲ್ಲಿ ಅಕ್ಷರದಿಂದ ಅಕ್ಷರಕ್ಕೆ ಇರುವ ವ್ಯತ್ಯಾಸ ಎಷ್ಟೋ ಕಡೆ ಒಂದು ಸಣ್ಣ ಸೀಳು, ಇಲ್ಲವೇ ಒಂದು ಚುಕ್ಕೆ. ಹೊಟ್ಟೆ ಸೀಳಿದರೆ ದ ಹೋಗಿ ಧ, ಪ ಹೋಗಿ ಫ, ಡ ಹೋಗಿ ಢ. ಒಳಗೊಂದು ಚುಕ್ಕೆ ಬಿದ್ದರೆ ರ ಹೋಗಿ ಠ, ಧ ಹೋಗಿ ಥ. ಪ ಒಳಗೆ ಒಂದು ಓರೆ ಗೆರೆ ಸೇರಿದರೆ ಷ. ಶಾಯಿ ಹರಡಿದಾಗ ಮೊದಲು ಮುಚ್ಚುವುದೇ ಈ ಸೀಳು, ಮೊದಲು ಕರಗುವುದೇ ಈ ಚುಕ್ಕೆ. ಧನ ಎಂದು ಕಂಪೋಸ್ ಮಾಡಿದ್ದು ದನ ಎಂದು ಅಚ್ಚಾಗುತ್ತದೆ, ಭಾವಿ ಹೋಗಿ ಬಾವಿಯಾಗುತ್ತದೆ. ಕರಡು ತಿದ್ದುವವರು ಎಷ್ಟೇ ಎಚ್ಚರದಿಂದಿದ್ದರೂ ಇದು ಅವರ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಕರಡಿನಲ್ಲಿ ಎಲ್ಲವೂ ಸರಿಯಾಗಿರುತ್ತದೆ.

ಅದಕ್ಕೇ ಪುಸ್ತಕ ಹಾಕುವ ಮೊದಲು ಒಂದು ಪರೀಕ್ಷಾ ಪುಟ ಮಾಡಿಸಿ. ದನ, ಧನ, ಕಥೆ, ಪಾಠ, ಭಾಷೆ, ಫಲ, ಗಾಢ, ರಾಷ್ಟ್ರ, ಜ್ಞಾನ — ಈ ಒಂಬತ್ತು ಪದಗಳನ್ನು 8, 9, 10 ಪಾಯಿಂಟಿನಲ್ಲಿ ಇಡಿ. ತೆಳು, ಮಧ್ಯಮ, ದಪ್ಪ ಮೂರರಲ್ಲೂ ಇಡಿ. ಅದನ್ನು ನಿಮ್ಮ ಪುಸ್ತಕ ಅಚ್ಚಾಗುವ ಯಂತ್ರದಲ್ಲೇ, ಅದೇ ಕಾಗದದ ಮೇಲೆ ತೆಗೆಸಿ. ಆಫೀಸಿನ ಲೇಸರ್ ಪ್ರಿಂಟ್ ನೋಡಿ ಒಪ್ಪಿಗೆ ಕೊಡಬೇಡಿ. ಅದರ ಪುಡಿ ಕಾಗದದ ಮೇಲೆ ಕೂರುತ್ತದೆ, ಆಫ್‌ಸೆಟ್ ಶಾಯಿಯ ಹಾಗೆ ಇಂಗುವುದಿಲ್ಲ. ಸಾಮಾನ್ಯವಾಗಿ ನ್ಯೂಸ್‌ಪ್ರಿಂಟಿನಲ್ಲಿ 9 ಪಾಯಿಂಟಿನ ಮಧ್ಯಮ ದಪ್ಪ ನಿಲ್ಲುತ್ತದೆ. ‘ದಪ್ಪ ಮಾಡಿದರೆ ಚೆನ್ನಾಗಿ ಕಾಣುತ್ತದೆ’ ಎಂದು ಬೋಲ್ಡ್ ಹಾಕಿದರೆ ಸೀಳು ಇನ್ನೂ ಬೇಗ ಮುಚ್ಚುತ್ತದೆ. ಸಾಲಿನ ಅಂತರ 9 ಪಾಯಿಂಟಿಗೆ 13 ಇರಲಿ. ಮೇಲಿನ ಸಾಲಿನ ಒತ್ತಕ್ಷರವೂ ಕೆಳಗಿನ ಸಾಲಿನ ಗುಡಿಸೂ ಒಂದಕ್ಕೊಂದು ತಾಗಬಾರದು. ಫೋನ್ ನಂಬರನ್ನು ಐದೈದು ಅಂಕಿಯಾಗಿ ಒಡೆಯಿರಿ. ಪುಟ ಉಳಿಸಲೇಬೇಕಿದ್ದರೆ ಎರಡು ಕಾಲಂ ಮಾಡಿ, ಪ್ರತಿ ಹೆಸರಿನ ಮುಂದೆ ಬರುವ ‘ಶ್ರೀ’, ‘ಶ್ರೀಮತಿ’ ತೆಗೆಯಿರಿ; 900 ಸಲ ಬರುವ ಪದ ಅದು.

ಇದೇ ಕಾರ್ಟರ್ 1996ರಲ್ಲಿ ಮೈಕ್ರೋಸಾಫ್ಟ್‌ಗೆ ಕೊಟ್ಟ ವರ್ಡಾನಾ, ಜಾರ್ಜಿಯಾ ಫಾಂಟುಗಳನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿ ಕಾಟ ಕೊಡುತ್ತಿದ್ದದ್ದು ಅಂದಿನ ಒರಟು ಸ್ಕ್ರೀನು. ಅವರು ಮೊದಲು ಸ್ಕ್ರೀನಿನ ಚೌಕಗಳಲ್ಲಿ ಅಕ್ಷರ ಕಟ್ಟಿದರು, ಗೆರೆಯ ಆಕಾರ ಆಮೇಲೆ ಎಳೆದರು. ಕಾಗದವಾಗಲಿ ಸ್ಕ್ರೀನಾಗಲಿ, ಅಕ್ಷರ ಕೊನೆಗೆ ಎಲ್ಲಿ ಕೂರುತ್ತದೋ ಅಲ್ಲಿಂದ ಹಿಂದಕ್ಕೆ ಯೋಚಿಸಿದವರು ಕಾರ್ಟರ್.

ಪ್ರಶ್ನೆ: ಅಮುಲ್ ಹುಡುಗಿಯ ಚಿತ್ರ ಬರೆದವರು ಯಾರು? ಅಷ್ಟು ವರ್ಷ ಒಂದೇ ಚಿತ್ರ ಹೇಗೆ ಓಡಿತು? — ತಿಪಟೂರು

ಉತ್ತರ: 1966ರಲ್ಲಿ ಜಾಹೀರಾತು ಸಂಸ್ಥೆಯ ಸಿಲ್ವೆಸ್ಟರ್ ಡಕುನ್ಹಾ ಮತ್ತು ಕಲಾವಿದ ಯೂಸ್ಟೇಸ್ ಫರ್ನಾಂಡಿಸ್ ಸೇರಿ ರೂಪಿಸಿದ್ದು. ಚಿತ್ರ ಒಂದೇ, ಮಾತು ಮಾತ್ರ ಹೊಸದು. ಚುಕ್ಕೆಯ ಫ್ರಾಕು, ನೀಲಿ ಕೂದಲು, ರಿಬ್ಬನ್ — ಇಷ್ಟನ್ನು ಬದಲಿಸದೆ, ಊರಿನಲ್ಲಿ ಆ ವಾರ ಎಲ್ಲರೂ ಮಾತಾಡುವ ಸಂಗತಿಗೆ ಒಂದು ಸಾಲು ಜೋಡಿಸಿದರು. ಹೋರ್ಡಿಂಗ್ ಕೈಯಲ್ಲೇ ಬರೆಯುತ್ತಿದ್ದ ಕಾಲ ಅದು. ಕೆಲವೇ ಬಣ್ಣ, ನೆರಳಿಲ್ಲದ ಚಪ್ಪಟೆ ಚಿತ್ರ ಆದ್ದರಿಂದ ಪೇಂಟರು ಅದನ್ನು ಬೇಗ ತಿದ್ದಿ ಬರೆಯಬಹುದಿತ್ತು. ಫೋಟೋ ಹಾಗೆ ಬರೆಯಬೇಕಾದ ಚಿತ್ರವಾಗಿದ್ದರೆ ಆ ಓಟ ಸಾಧ್ಯವಾಗುತ್ತಿರಲಿಲ್ಲ.

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ 200 ಪುಟದ ಪುಸ್ತಕವನ್ನು ಬೆಂಗಳೂರಿನ ಒಂದು ಪ್ರೆಸ್ಸಿಗೆ ಕಳಿಸಿದೆ. ಅಲ್ಲಿ ತೆರೆದರೆ ಕನ್ನಡದ ಬದಲು ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರ ಬರುತ್ತಿವೆಯಂತೆ. ಕೆ.ಪಿ. ರಾವ್ ಅವರ ಕೀಲಿಮಣೆ ಬಳಸಿದ್ದರಿಂದ ಹೀಗಾಯಿತು ಎಂದು ಅವರು ಹೇಳುತ್ತಾರೆ. ನಿಜವೇ? — ಶಿರಸಿ

ಉತ್ತರ: ನಿಜವಲ್ಲ. ಕೀಲಿಮಣೆ ಬೇರೆ, ಫೈಲಿನ ಒಳಗೆ ಅಕ್ಷರ ಕೂತಿರುವ ಬಗೆ ಬೇರೆ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಕನ್ನಡದ ಕೆಲಸದಲ್ಲಿ ಆಗುತ್ತಿರುವ ನಷ್ಟ ಸಣ್ಣದಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇವೆ.

ಕಿನ್ನಿಕಂಬಳ ಪದ್ಮನಾಭ ರಾವ್ 1940ರಲ್ಲಿ ಹುಟ್ಟಿದವರು, ಕರಾವಳಿಯವರು. ಫೋಟೋ ಟೈಪ್‌ಸೆಟ್ಟಿಂಗ್ (ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಜೋಡಿಸುವ ಪದ್ಧತಿ) ಕಾಲದಲ್ಲೇ ಭಾರತೀಯ ಲಿಪಿಗಳ ಕೆಲಸಕ್ಕೆ ಇಳಿದರು. ಮೊಳೆ ಜೋಡಿಸುವಾಗ ಕನ್ನಡಕ್ಕೆ ನೂರಾರು ಖಾನೆ ಬೇಕಿತ್ತು: ಗುಣಿತಕ್ಕೊಂದು, ಒತ್ತಿಗೊಂದು, ಅರ್ಧಕ್ಕೊಂದು. ಟೈಪ್‌ರೈಟರೂ ಅದೇ ದಾರಿ ಹಿಡಿದು ಅಕ್ಷರದ ತುಂಡುಗಳನ್ನು ಕೀಲಿಗಳ ಮೇಲೆ ಹಂಚಿತು. ರಾವ್ ಅವರು ತುಂಡುಗಳನ್ನು ಬಿಟ್ಟು ಉಚ್ಚಾರ ಹಿಡಿದರು. ಬರೆಯುವವರು ಉಚ್ಚರಿಸುವ ಕ್ರಮದಲ್ಲಿ ಒತ್ತಲಿ, ಒತ್ತಕ್ಷರ ಎಲ್ಲಿ ಕೂರಬೇಕು ಎನ್ನುವುದನ್ನು ಯಂತ್ರ ನೋಡಿಕೊಳ್ಳಲಿ ಎಂಬುದು ಅವರ ಲೆಕ್ಕ. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು — ಐದೇ ಕೀಲಿ. ಕೆ ಒತ್ತಿದರೆ ಕ, ಎಫ್ ಎಂದರೆ ಹಲಂತ (ಅರ್ಧಾಕ್ಷರದ ಗುರುತು), ಡಬ್ಲ್ಯು ಎಂದರೆ ಡ. ಮಹಾಪ್ರಾಣಕ್ಕೆ ಶಿಫ್ಟ್. ಇಂಗ್ಲಿಷಿನ 26 ಕೀಲಿಯಲ್ಲೇ ಇಡೀ ವರ್ಣಮಾಲೆ ಮುಗಿಯಿತು. ‘ಸೇಡಿಯಾಪು’ ಎಂಬ ಅವರ ತಂತ್ರಾಂಶ ಈ ದಾರಿ ತೋರಿಸಿತು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಂದದ್ದು ಇದೇ ವಿನ್ಯಾಸ, ಸರ್ಕಾರ ಒಪ್ಪಿಕೊಂಡದ್ದೂ ಇದನ್ನೇ. ಇವತ್ತು ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ನಲ್ಲೂ ಇದೇ ಕೀಲಿಮಣೆ ನಡೆಯುತ್ತದೆ. ಅದನ್ನು ದೂರುವುದು ತಪ್ಪು.

ನಿಮ್ಮ ತೊಂದರೆ ಹಳೆಯ ಆಸ್ಕಿ ಫಾಂಟಿನದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತವೆ. ‘ಕ’ದ ತುಂಡು ಪಿ ಅಕ್ಷರದ ಮನೆಯಲ್ಲಿ, ‘ನ’ದ ತುಂಡು ಪೌಂಡ್ ಗುರುತಿನ ಮನೆಯಲ್ಲಿ. ಅದೇ ಫಾಂಟ್ ಇಲ್ಲದ ಕಂಪ್ಯೂಟರು ಮನೆಯ ಮೂಲ ಯಜಮಾನನನ್ನು ತೋರಿಸುತ್ತದೆ. ಅವಸರವಿದ್ದರೆ ನಿಮ್ಮಲ್ಲೇ ಫಾಂಟ್ ಒಳಸೇರಿಸಿ ಪಿಡಿಎಫ್ ಮಾಡಿ ಕಳಿಸಿ, ಅಷ್ಟಕ್ಕೆ ಕೆಲಸ ಆಗುತ್ತದೆ. ಪುಸ್ತಕ ಮುಂದೆಯೂ ಬೇಕು, ಇ–ಪುಸ್ತಕ ಆಗಬೇಕು ಎಂದಾದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಬದಲಿಸುವ ಮೊದಲು ಮೂಲ ಫೈಲಿನ ಪ್ರತಿ ಎತ್ತಿಡಿ. ಪುಸ್ತಕದೊಳಗಿನ ಇಂಗ್ಲಿಷ್ ಪದಗಳಿಗೆ ಗುರುತು ಹಾಕಿ, ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡದ ತುಂಡು ಎಂದೇ ಎಣಿಸುತ್ತದೆ. ಬದಲಾದ ಮೇಲೆ ಅರ್ಕಾವೊತ್ತನ್ನು ಒಂದೊಂದಾಗಿ ನೋಡಿ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು ಯ ಆದ ಮೇಲೆ, ಆಸ್ಕಿಯಲ್ಲಿ ಕೂತಿರುವುದೂ ಹಾಗೆಯೇ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು, ಯ ಆಮೇಲೆ. ಈ ಹಿಂದು–ಮುಂದು ಮಾಡುವಲ್ಲಿ ಪರಿವರ್ತಕಗಳು ಎಡವುತ್ತವೆ. ಇನ್ನೊಂದು, ಅನುಸ್ವಾರದ ಬದಲು ಸೊನ್ನೆ ಒತ್ತುವ ಅಭ್ಯಾಸ. ‘ಬೆ೦ಗಳೂರು’ ಎಂದು ಕನ್ನಡದ ಸೊನ್ನೆ ಹಾಕಿದರೆ ಅಚ್ಚಿನಲ್ಲಿ ಯಾರಿಗೂ ಗೊತ್ತಾಗದು, ಹುಡುಕಿದರೆ ಮಾತ್ರ ಸಿಗದು. ‘ರ‍್ಯಾಂಕ್’ ಎನ್ನುವಲ್ಲಿ ರ ದೊಡ್ಡದಾಗಿ ನಿಂತು ಯ ಒತ್ತಾಗಬೇಕು. ಅದಕ್ಕೆ ರ ಆದ ಮೇಲೆ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಜೋಡಕ (ಜೀರೋ ವಿಡ್ತ್ ಜಾಯಿನರ್ ಎಂಬ ಗುರುತು) ಬೇಕು. ಅದು ಬಿಟ್ಟುಹೋದರೆ ಅರ್ಕಾವೊತ್ತು ಬರುತ್ತದೆ.

ಹಳೆಯ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಇನ್‌ಡಿಸೈನಿಗೆ ಗೊತ್ತು, ಆದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು. ಇಲ್ಲವಾದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ‘ಇನ್‌ಡಿಸೈನ್‌ನಲ್ಲಿ ಕನ್ನಡ ಒಡೆಯುತ್ತದೆ’ ಎಂದು ಇನ್ನೂ ಆಸ್ಕಿಗೇ ಅಂಟಿಕೊಂಡಿರುವ ಪ್ರೆಸ್ಸುಗಳು ಇವೆ. ಈ ಒಂದು ಆಯ್ಕೆ ಅವರಿಗೆ ತೋರಿಸಿಕೊಡಿ.

ಪ್ರಶ್ನೆ: ಹೆದ್ದಾರಿ ಪಕ್ಕ ನಮ್ಮದೊಂದು ಊಟದ ಹೋಟೆಲ್ ಇದೆ. 10 ಅಡಿ ಅಗಲ, 4 ಅಡಿ ಎತ್ತರದ ಬೋರ್ಡ್ ಹಾಕಿದ್ದೇವೆ. ಹೆಸರು, ತಿಂಡಿಗಳ ಪಟ್ಟಿ, ಫೋನ್ ನಂಬರ್, ದೇವರ ಫೋಟೋ ಎಲ್ಲ ಇದೆ. ಆದರೂ ಗಾಡಿಗಳು ಮುಂದೆ ಹೋದ ಮೇಲೆ ಬ್ರೇಕ್ ಹಾಕುತ್ತವೆ. ಅಕ್ಷರ ಎಷ್ಟು ದೊಡ್ಡದಿರಬೇಕು? — ಚಿತ್ರದುರ್ಗದ ಹತ್ತಿರದಿಂದ

ಉತ್ತರ: ಲೆಕ್ಕ ಹಾಕೋಣ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಓದಿ, ಮನಸ್ಸು ಮಾಡಿ, ಕನ್ನಡಿ ನೋಡಿ ಎಡಕ್ಕೆ ತೆಗೆದುಕೊಳ್ಳಲು 6 ಸೆಕೆಂಡ್ ಬೇಕು ಎಂದರೂ 133 ಮೀಟರ್ ದೂರದಿಂದಲೇ ಹೆಸರು ಓದಬರಬೇಕು. 9 ಮೀಟರಿಗೆ 25 ಮಿ.ಮೀ. ಅಕ್ಷರ ಎಂಬುದು ರಸ್ತೆ ಫಲಕಗಳಲ್ಲಿ ಬಳಸುವ ಅಂದಾಜು. ಆ ಲೆಕ್ಕಕ್ಕೆ 370 ಮಿ.ಮೀ. ಬೇಕಾಯಿತು. ಇದು ರೋಮನ್ ಲಿಪಿಗೆ ಹುಟ್ಟಿದ ಲೆಕ್ಕ, ಕನ್ನಡಕ್ಕೆ ಇದಕ್ಕಿಂತ ಇಳಿಸಬೇಡಿ. ಎತ್ತರ ಅಳೆಯುವುದು ಗ, ನ ತರಹದ ಬರಿಯ ಅಕ್ಷರದಲ್ಲಿ, ಒತ್ತು ಸೇರಿಸಿ ಅಲ್ಲ. ಮೇಲಿನ ಗುಡಿಸಿಗೂ ಕೆಳಗಿನ ಒತ್ತಿಗೂ ಸೇರಿ ಹೆಚ್ಚುಕಡಿಮೆ ಅಷ್ಟೇ ಜಾಗ ಮತ್ತೆ ಬೇಕು, ಅಂದರೆ ಒಂದು ಸಾಲಿಗೆ ಸುಮಾರು 700 ಮಿ.ಮೀ.

ನಿಮ್ಮ ಬೋರ್ಡಿನ ಎತ್ತರ 1,219 ಮಿ.ಮೀ. ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು 2024ರ ಕಾನೂನು ತಿದ್ದುಪಡಿ ಹೇಳುತ್ತದೆ. ಎತ್ತರದಲ್ಲಿ ಲೆಕ್ಕ ಹಾಕಿದರೆ ಅದು 731 ಮಿ.ಮೀ. ಒಂದು ಸಾಲು ಕನ್ನಡ ಅಲ್ಲಿ ಸರಿಯಾಗಿ ಕೂರುತ್ತದೆ. ಅಗಲದಲ್ಲಿ ಅಂಚು ಬಿಟ್ಟು ಉಳಿಯುವ 2,750 ಮಿ.ಮೀ.ಗೆ ಆರು ಅಕ್ಷರ ಹಿಡಿಸುತ್ತದೆ. ಆದ್ದರಿಂದ ಈ ಬೋರ್ಡಿಗೆ ಆರು ಅಕ್ಷರದ ಹೆಸರು, ಕೆಳಗೆ ‘ಊಟ’ ಎಂಬ ಪದ, ಒಂದು ಬಾಣ. ಉಳಿದದ್ದೆಲ್ಲ ಹೋಟೆಲಿನ ಬಾಗಿಲ ಬಳಿಯ ಇನ್ನೊಂದು ಬೋರ್ಡಿಗೆ ಹೋಗಲಿ, ಅಲ್ಲಿ ಜನ ನಿಂತು ಓದುತ್ತಾರೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಇಬ್ಬರದು: ಜಾಕ್ ಕಿನೀರ್, ಮಾರ್ಗರೆಟ್ ಕ್ಯಾಲ್ವರ್ಟ್. ಬ್ರಿಟನ್ನಿನ ಮೊದಲ ಮೋಟರ್‌ವೇ 1958ರಲ್ಲಿ ತೆರೆದಾಗ ಅದರ ಫಲಕಗಳೂ, 1965ರಿಂದ ದೇಶದ ಎಲ್ಲ ರಸ್ತೆಗಳ ಫಲಕಗಳೂ ಅವರವು. ಅದಕ್ಕೆ ಮೊದಲು ಊರಿಗೊಂದು ಬಗೆಯ ಫಲಕ ಇತ್ತು. ಅವರು ಪ್ರತಿ ಅಕ್ಷರವನ್ನೂ ಅದರದೇ ಅಗಲದ ಒಂದು ಬಿಲ್ಲೆಯ ಮೇಲೆ ಕೂರಿಸಿದರು. ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ನಡುವಿನ ಜಾಗ ತಾನಾಗಿ ಸರಿಹೋಗುತ್ತದೆ. ಫಲಕ ಮಾಡುವವರು ಅಳೆಯುವ ಅಗತ್ಯವೇ ಇಲ್ಲ. ಅಂಚು, ಬಾಣ, ಸಾಲಿನ ನಡುವಣ ಜಾಗ ಎಲ್ಲವೂ ಅಕ್ಷರದ ಗೆರೆಯ ದಪ್ಪದ ಇಷ್ಟು ಪಟ್ಟು ಎಂದೇ ಲೆಕ್ಕ. ಇನ್ನೊಂದು ಸೂಕ್ಷ್ಮವನ್ನು ನೀವು ಇವತ್ತೇ ಬಳಸಬಹುದು. ಕಪ್ಪು ನೆಲದ ಮೇಲಿನ ಬಿಳಿ ಅಕ್ಷರ ಕಣ್ಣಿಗೆ ಉಬ್ಬಿದಂತೆ ಕಾಣುತ್ತದೆ, ಹೊಳೆಯುವಾಗ ಇನ್ನೂ ಹೆಚ್ಚು. ಆದ್ದರಿಂದ ಬಿಳಿ ನೆಲದ ಫಲಕಕ್ಕೆ ದಪ್ಪ ಅಕ್ಷರ, ಗಾಢ ನೆಲದ ಫಲಕಕ್ಕೆ ಸ್ವಲ್ಪ ತೆಳು ಅಕ್ಷರ ಎಂದು ಎರಡು ತೂಕ ಮಾಡಿದರು. ನಿಮ್ಮದು ಒಳಗಿನಿಂದ ಬೆಳಗುವ ಬೋರ್ಡಾದರೆ ಎಲ್ಲಕ್ಕಿಂತ ದಪ್ಪದ ಅಕ್ಷರ ಹಾಕಿಸಬೇಡಿ, ರಾತ್ರಿ ಒಳಗಿನ ಸಂದಿಗಳು ಬೆಳಕಿನಲ್ಲಿ ಮುಳುಗುತ್ತವೆ.

ಫ್ಲೆಕ್ಸ್ ಮಾಡುವವರಿಗೆ ಎರಡು ಮಾತು ಮೊದಲೇ ಹೇಳಿ. ಜಾಗ ಸಾಲದೆ ಹೋದರೆ ಅಕ್ಷರ ಹಿಂಡಿ ಕಿರಿದು ಮಾಡಬಾರದು. ಹಿಂಡಿದಾಗ ನಿಂತ ಗೆರೆ ಸಣಕಲಾಗಿ ಅಡ್ಡ ಗೆರೆ ಮಾತ್ರ ದಪ್ಪ ಉಳಿಯುತ್ತದೆ, ತಲಕಟ್ಟುಗಳ ಸಾಲು ಬಿಟ್ಟು ಬೇರೆ ಏನೂ ಕಾಣದು. ಅಕ್ಷರದ ಸುತ್ತ ಹಳದಿ ಗೆರೆ, ಅದರ ಸುತ್ತ ಕೆಂಪು ಗೆರೆ, ಕೆಳಗೊಂದು ನೆರಳು — ಇದೂ ಬೇಡ.

ಪ್ರಶ್ನೆ: ಮೈಸೂರು ಸ್ಯಾಂಡಲ್ ಸೋಪಿನ ಮೇಲಿರುವ ಪ್ರಾಣಿ ಯಾವುದು? — ನಂಜನಗೂಡು

ಉತ್ತರ: ಶರಭ. ಸಿಂಹದ ಮೈ, ಆನೆಯ ತಲೆ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಶುರುವಾದ ಕಾರ್ಖಾನೆಗೆ ಈ ಲಾಂಛನ ತಂದವರು ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿ. ಒಡವೆಯ ಪೆಟ್ಟಿಗೆಯ ಹಾಗೆ ಕಾಣುವ ಡಬ್ಬಿಯೂ ಅವರ ಯೋಚನೆಯೇ. ಬ್ರ್ಯಾಂಡಿಂಗ್ ಎನ್ನುವ ಪದ ನಮ್ಮಲ್ಲಿ ಬರುವ ಎಷ್ಟೋ ಮೊದಲೇ ಅದನ್ನು ಚೆನ್ನಾಗಿ ಮಾಡಿದವರು ಅವರು.

ಪ್ರಶ್ನೆ: ಮಗಳು ಪಿಯುಸಿ ವಾಣಿಜ್ಯ ಓದುತ್ತಿದ್ದಾಳೆ. ಡಿಸೈನ್ ಓದುತ್ತೇನೆ, ಅಕ್ಷರ ಮಾಡುವ ಕೆಲಸ ಕಲಿಯುತ್ತೇನೆ ಎನ್ನುತ್ತಾಳೆ. ವಿಜ್ಞಾನ ಓದದವರಿಗೆ ಸೀಟು ಸಿಗುತ್ತದೆಯೇ? ಇದರಲ್ಲಿ ಬದುಕು ಕಟ್ಟಿದವರು ಇದ್ದಾರೆಯೇ? — ಹಾಸನ

ಉತ್ತರ: ಸಿಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್ಐಡಿ) ಡ್ಯಾಟ್ ಪರೀಕ್ಷೆಗೂ, ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಗೂ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಎರಡೂ ಕಡೆ ನಾಲ್ಕು ವರ್ಷದ ವಿನ್ಯಾಸ ಪದವಿ, ಬಿ.ಡೆಸ್. ಬೆಂಗಳೂರಿನ ಎನ್ಐಡಿಯಲ್ಲಿ ಇರುವುದು ಸ್ನಾತಕೋತ್ತರ ಮಾತ್ರ, ಪಿಯುಸಿ ಆದ ತಕ್ಷಣ ಅಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ), ಬೆಂಗಳೂರಿನ ಚಿತ್ರಕಲಾ ಪರಿಷತ್ತು — ಇಲ್ಲಿ ಅನ್ವಯಿಕ ಕಲೆಯ ಪದವಿ ಇದೆ, ಖರ್ಚೂ ಕಡಿಮೆ.

ಬದುಕು ಕಟ್ಟಿದವರು ಬೇಕಾದಷ್ಟು. ಆರ್.ಕೆ. ಜೋಶಿ (1936–2008) ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ಕಲಾ ನಿರ್ದೇಶಕರಾಗಿದ್ದವರು, ಆಮೇಲೆ ಐಐಟಿ ಬಾಂಬೆಯಲ್ಲಿ ಮೇಷ್ಟರಾದರು. ವಿಂಡೋಸ್ ಜೊತೆ ಬಂದ ಹಿಂದಿಯ ಮಂಗಲ್, ಕನ್ನಡದ ತುಂಗಾ ಫಾಂಟುಗಳ ಹಿಂದೆ ಇರುವುದು ಅವರ ನಿರ್ದೇಶನ. ಬಹಳ ಕಾಲ ಕನ್ನಡಿಗರು ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಓದಿದ್ದು ತುಂಗಾದಲ್ಲೇ. ರೂಪಾಯಿ ಚಿಹ್ನೆ ಮಾಡಿದ ಡಿ. ಉದಯ ಕುಮಾರ್ ಅದೇ ಐಐಟಿಯಲ್ಲಿ ಕಲಿತವರು. 3,000ಕ್ಕೂ ಹೆಚ್ಚು ಚಿಹ್ನೆಗಳಲ್ಲಿ ಆಯ್ಕೆಯಾಗಿ, 2010ರ ಜುಲೈ 15ರಂದು ಸರ್ಕಾರ ಅವರದನ್ನು ಒಪ್ಪಿಕೊಂಡಿತು. ಎನ್ಐಡಿಯ ಸ್ವಂತ ಲಾಂಛನವನ್ನು ಮಾಡಿಕೊಟ್ಟವರು ಯುನಿವರ್ಸ್ ಅಕ್ಷರ ಮಾಲೆ ರೂಪಿಸಿದ ಏಡ್ರಿಯನ್ ಫ್ರುಟಿಗರ್.

ಮಗಳಿಗೆ ನೋಡಲು ಒಂದು ಕೆಲಸ ಸೂಚಿಸಿ: ಐಬಿಎಂ ಲಾಂಛನ. ಪಾಲ್ ರ‍್ಯಾಂಡ್ (1914–1996) 1956ರಲ್ಲಿ ಮೂರೂ ಅಕ್ಷರಗಳನ್ನು ಗಟ್ಟಿಯಾಗಿ ಬರೆದರು. ಐ ಕಿರಿದು, ಬಿ ಅಗಲ, ಎಂ ಇನ್ನೂ ಅಗಲ. ಕಣ್ಣು ಎಡದಿಂದ ಬಲಕ್ಕೆ ಜಾರಿ ಹೊರಗೆ ಹೋಗುತ್ತದೆ. 1972ರಲ್ಲಿ ಅದನ್ನೇ ಅಡ್ಡಡ್ಡ ಸೀಳಿ ಎಂಟು ಪಟ್ಟಿ ಮಾಡಿದರು. ಮೂರಕ್ಕೂ ಒಂದೇ ಬಗೆಯ ಪಟ್ಟಿ ಹಾದುಹೋದ್ದರಿಂದ ಅವು ಒಂದೇ ಕುಟುಂಬದಂತೆ ಕೂಡಿಕೊಂಡವು. ಪಟ್ಟಿಯನ್ನು ಕಾಗದದಿಂದ ಮುಚ್ಚಿ, ಮತ್ತೆ ತೆರೆದು ಹೋಲಿಸಲಿ. ಆಮೇಲೆ ‘ಕ, ಮ, ಲ’ ಎಂಬ ಮೂರು ಅಕ್ಷರ ತೆಗೆದುಕೊಂಡು, ಬೆರಳುಗುರಿನ ಗಾತ್ರಕ್ಕೆ ಇಳಿಸಿದರೂ ಗುರುತು ಸಿಗುವ ಒಂದು ಲಾಂಛನವನ್ನು ಕಪ್ಪು ಬಣ್ಣ ಒಂದರಲ್ಲೇ 20 ಬಗೆಯಲ್ಲಿ ಬರೆಯಲಿ. ಎರಡು ಪರೀಕ್ಷೆಯಲ್ಲೂ ಕೈಯಲ್ಲಿ ಬರೆಯುವ ಭಾಗ ಇದೆ. ಕಂಪ್ಯೂಟರ್ ಕೋರ್ಸಿಗೆ ದುಡ್ಡು ಹಾಕುವುದಕ್ಕಿಂತ ಈಗ ಪೆನ್ಸಿಲು, ಬಿಳಿ ಹಾಳೆ ಕೊಡಿಸುವುದು ಒಳ್ಳೆಯದು.

ಪ್ರಶ್ನೆ: ಹಬ್ಬಕ್ಕೆ ಪತ್ರಿಕೆಯಲ್ಲಿ 8 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಜಾಹೀರಾತು ಕೊಡಬೇಕು. ಸೀರೆ ಅಂಗಡಿ ನಮ್ಮದು. ಫೋಕ್ಸ್‌ವ್ಯಾಗನ್ ಕಾರಿನ ಹಳೆಯ ಜಾಹೀರಾತಿನ ಬಗ್ಗೆ ಎಲ್ಲರೂ ಹೇಳುತ್ತಾರಲ್ಲ, ಅದರಲ್ಲಿ ನಮಗೆ ಏನಾದರೂ ಇದೆಯೇ? — ಗದಗ

ಉತ್ತರ: ಇದೆ. 1959ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆಯಲ್ಲಿ ಹೆಲ್ಮುಟ್ ಕ್ರೋನ್ ಚಿತ್ರ ಜೋಡಿಸಿದರು, ಜೂಲಿಯನ್ ಕೋನಿಗ್ ಮಾತು ಬರೆದರು. ದೊಡ್ಡ ಕಾರೇ ದೊಡ್ಡಸ್ತಿಕೆ ಎನ್ನುತ್ತಿದ್ದ ಅಮೆರಿಕದಲ್ಲಿ ಕಾರನ್ನು ಪುಟದ ಮೂಲೆಯಲ್ಲಿ ಪುಟ್ಟದಾಗಿ ಇಟ್ಟು, ಸುತ್ತ ಖಾಲಿ ಬಿಟ್ಟರು. ಕೆಳಗೆ ಒಂದು ಚಿಕ್ಕ ತಲೆಬರಹ, ಮೂರು ಕಾಲಂ ಮಾತು. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಬರಹಗಾರ ಮಾತು ಬರೆದು ಚಿತ್ರಕಾರನಿಗೆ ಕಳಿಸುತ್ತಿದ್ದ. ಬಿಲ್ ಬರ್ನ್‌ಬಾಕ್ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಖಾಲಿ ಜಾಗವೂ ಮಾತಾಡುವಂತೆ ಆದದ್ದು ಅದರಿಂದ. ನಿಮ್ಮಲ್ಲಿ ಮಾತು ಬರೆಯುವವರೂ ಡಿಟಿಪಿಯವರೂ ಹತ್ತು ನಿಮಿಷ ಒಂದೇ ಮೇಜಿಗೆ ಕೂತರೂ ಪ್ರಯೋಜನ ಕಾಣುತ್ತದೆ.

ನಿಮ್ಮದು 80 ಚದರ ಸೆಂ.ಮೀ. ಪತ್ರಿಕೆ ಹಣ ತೆಗೆದುಕೊಳ್ಳುವುದೂ ಚದರ ಸೆಂ.ಮೀ. ಲೆಕ್ಕದಲ್ಲೇ, ಹಾಗಾಗಿ ಜಾಗ ಖಾಲಿ ಬಿಡಲು ಕೈ ಬರುವುದಿಲ್ಲ. ಆದರೆ ಸುತ್ತಲಿನ ಜಾಹೀರಾತುಗಳೆಲ್ಲ ತುಂಬಿ ತುಳುಕುವ ಹಬ್ಬದ ಪುಟದಲ್ಲಿ ಮೂರನೇ ಒಂದು ಭಾಗ ಖಾಲಿ ಇರುವುದೇ ಕಣ್ಣಿಗೆ ಬೀಳುತ್ತದೆ. ಒಂದೇ ಸೀರೆ ತೋರಿಸಿ, ಅದರ ಸೆರಗು ಮಾತ್ರ ಹತ್ತಿರದಿಂದ. ಇಳಕಲ್ಲಿನದಾದರೆ ಸೆರಗಿನ ತೋಪು ತೆನೆ ವಿನ್ಯಾಸ ಕಾಣಲಿ, ನಿಮ್ಮ ಗಿರಾಕಿಗಳಿಗೆ ಅದು ನೋಡಿದೊಡನೆ ಗೊತ್ತಾಗುತ್ತದೆ. ತಲೆಬರಹ 26 ಪಾಯಿಂಟ್, ನಾಲ್ಕೈದು ಪದ. ಕೆಳಗೆ 10 ಪಾಯಿಂಟಿನಲ್ಲಿ ಬೆಲೆ, ಎಲ್ಲಿಯವರೆಗೆ ಮಾರಾಟ, ಅಂಗಡಿಯ ಗುರುತು. ‘ಎಲ್ಲಾ ತರಹದ ಸೀರೆಗಳು ಯೋಗ್ಯ ದರದಲ್ಲಿ ದೊರೆಯುತ್ತವೆ’ ಎಂಬ ಸಾಲು ಬಿಡಿ. ಆ ಪುಟದಲ್ಲಿ ಅದು ಇನ್ನೂ ಹತ್ತು ಕಡೆ ಇರುತ್ತದೆ.

ಫೈಲು ಮಾಡುವಾಗ ಕೆಡುವುದು ಹೆಚ್ಚಾಗಿ ಕಪ್ಪು ಬಣ್ಣದಲ್ಲಿ. ಫೋಟೋಶಾಪಿನಲ್ಲಿ ಸ್ಕ್ರೀನಿನ ಬಣ್ಣದ ಲೆಕ್ಕವಾದ ಆರ್‌ಜಿಬಿಯಲ್ಲಿ ಬರೆದ ಕಪ್ಪು ಅಕ್ಷರ ಅಚ್ಚಿಗೆ ಹೋಗುವಾಗ ನಾಲ್ಕು ಶಾಯಿಗಳ ಮಿಶ್ರಣವಾಗುತ್ತದೆ. ಓಡುವ ಯಂತ್ರದಲ್ಲಿ ಕಾಗದ ಕೂದಲೆಳೆಯಷ್ಟು ಸರಿದರೂ ಒಂದು ಅಕ್ಷರಕ್ಕೆ ಕೆಂಪು, ನೀಲಿ ಅಂಚು ಹುಟ್ಟುತ್ತದೆ, ಒತ್ತಕ್ಷರ ಕಲಸಿಹೋಗುತ್ತದೆ. ಅಕ್ಷರವೆಲ್ಲ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ ಕಪ್ಪು ಶಾಯಿ ಒಂದರಲ್ಲೇ 100% ಇರಲಿ. ಗಾಢ ನೆಲದ ಮೇಲೆ ಬಿಳಿ ಅಕ್ಷರ ಬೇಕೇ ಬೇಕೆಂದರೆ 12 ಪಾಯಿಂಟಿಗಿಂತ ಸಣ್ಣದು ಬೇಡ, ಅಕ್ಷರ ದಪ್ಪದ್ದಿರಲಿ. ಶಾಯಿ ಸುತ್ತಲಿನಿಂದ ಒಳಗೆ ನುಗ್ಗಿ ತೆಳು ಗೆರೆಯನ್ನು ನುಂಗುತ್ತದೆ. ಫೋಟೋ ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 200 ಬಿಂದು ಸಾಕು. ನಾಲ್ಕೂ ಶಾಯಿ ಕೂಡಿದ ಮೊತ್ತ 240% ದಾಟದಂತೆ ನೋಡಿಕೊಳ್ಳಿ, ದಾಟಿದರೆ ಸೀರೆಯ ಕಡುಗೆಂಪು ಒದ್ದೆಯಾಗಿ ಉಳಿದು ಎದುರು ಪುಟಕ್ಕೆ ಅಂಟುತ್ತದೆ. ಸ್ಕ್ರೀನಿನಲ್ಲಿ ಕಂಡ ಕೆಂಪು ನ್ಯೂಸ್‌ಪ್ರಿಂಟಿನಲ್ಲಿ ಮಂಕಾಗಿಯೇ ಬರುತ್ತದೆ, ಆದ್ದರಿಂದ ಫೋಟೋವನ್ನು ಮೊದಲೇ ಸ್ವಲ್ಪ ತಿಳಿ ಮಾಡಿ ಕೊಡಿ.